ಇಬ್ಬರ ಹೆಸರಿನ ಕಪ್ಪು ಕಾರು

ಮಾರಾಟಕ್ಕೆ ನಿಂತಿದ್ದ ಕಾರಿನ ಬಾಗಿಲು ತೆಗೆದವಳು ಹೌಹಾರಿದಳು. ಒಳಗೆ ಒಬ್ಬ ಗಂಡಸು ಕಣ್ಣು ಮುಚ್ಚಿ, ಸ್ಟೀರಿಂಗ್ ಮೇಲೆ ಕೆನ್ನೆಯಿಟ್ಟು ಕೂತಿದ್ದ.

"ರೀ, ಯಾರ್ರೀ ನೀವು? ನನ್ನ ಕಾರಲ್ಲಿ ಏನ್ಮಾಡ್ತಿದೀರಾ?"

"ನಿಮ್ಮ ಕಾರಾ?" ಅವನೂ ಬೆಚ್ಚಿಬಿದ್ದ. "ನಿನ್ನೆ ತಾನೆ ಆಂಟಿ ನನಗೆ ಕೊಡ್ತೀನಿ ಅಂದ್ರು!"

"ಅಂಕಲ್ ನನಗೆ ಮಾತು ಕೊಟ್ಟಿದಾರೆ!"

ಕಾರು ಮಾರುತ್ತಿದ್ದ ಮನೆಯ ಗಂಡ ಹೆಂಡತಿ ಒಬ್ಬರಿಗೊಬ್ಬರು ಹೇಳದೆ ಒಂದೇ ಕಾರನ್ನು ಇಬ್ಬರಿಗೆ ಒಪ್ಪಿಸಿಬಿಟ್ಟಿದ್ದರು. ಹದಿನೈದು ವರ್ಷ ಹಳೆಯದು, ಆರು ಸಿಲಿಂಡರ್. ನೋಡಲು ಆಫೀಸಿಗೆ ಹೊರಟ ಸಾಧು ಗೃಹಸ್ಥನಂತಿದ್ದರೂ ಆಕ್ಸಿಲರೇಟರ್ ತುಳಿದರೆ ಬೆನ್ನು ಸೀಟಿಗೆ ಅಂಟಿಕೊಳ್ಳುತ್ತಿತ್ತು.

ಅವಳು ಹಲ್ಲಿನ ಡಾಕ್ಟರು, ಅವನು ಬೇಕರಿಯವನು. ಕೊಳ್ಳುವುದು ಇಬ್ಬರ ಕೈಗೂ ಎಟಕುತ್ತಿತ್ತು. ಸಾಕುವುದು ಮಾತ್ರ ಒಬ್ಬರ ಕೈಲಾಗುವಂತಿರಲಿಲ್ಲ.

"ಜಂಟಿಯಾಗಿ ತಗೊಂಡ್ರೆ ಹೇಗೆ ಡಾಕ್ಟ್ರೇ? ಒಂದು ವಾರ ನಿಮಗೆ, ಒಂದು ವಾರ ನನಗೆ," ಎಂದು ಅವನೇ ಕೇಳಿದ.

ಅವಳು ಒಪ್ಪಿದ ವಿಷಯ ಕೇಳಿ ಅವಳ ಅಮ್ಮನ ಕೈಯಿಂದ ತಟ್ಟೆ ಜಾರಿತು. "ಗುರುತು ಪರಿಚಯ ಇಲ್ಲದವನ ಜೊತೆ ಕಾರಾ? ನಿನ್ ತಲೆ ಕೆಟ್ಟಿದೆಯೇನೇ?"

ಕಾರು ಇಬ್ಬರನ್ನೂ ಚೆನ್ನಾಗಿ ಕುಣಿಸಿತು. ಇವತ್ತು ರೇಡಿಯೇಟರ್ ಸೋರಿದರೆ, ನಾಳೆ ಕೆಳಗಿಳಿದ ಕಿಟಕಿ ಗಾಜು ಮೇಲೆ ಬಾರದು. ಶನಿವಾರಗಳೆಲ್ಲ ಗ್ಯಾರೇಜಿನಲ್ಲೇ ಕಳೆದವು. ಗ್ಯಾರೇಜಿನ ಒಡತಿ, ಎಲ್ಲರೂ ಅಕ್ಕ ಎನ್ನುವವಳು, ಬಾನೆಟ್ ಒಳಗೆ ತಲೆ ತೂರಿಸಿದಾಗ ಇವರಿಬ್ಬರೂ ಆಚೀಚೆ ಬಗ್ಗಿ ನೋಡುವರು. ಇಂಜಿನ್ ಮೇಲಿದ್ದ ಅವನ ಕಣ್ಣು ಮೆಲ್ಲಗೆ ಎದ್ದು ಅವಳ ಮುಖದ ಮೇಲೆ ನಿಲ್ಲುತ್ತಿತ್ತು. ಸಿಕ್ಕಿಬಿದ್ದರೆ, ಆಯಿಲ್ ಮಟ್ಟ ನೋಡುವ ಕಡ್ಡಿಯನ್ನು ಸುಮ್ಮನೆ ಇನ್ನೊಮ್ಮೆ ಒರೆಸುತ್ತಿದ್ದ.

"ಎಷ್ಟು ಸಲ ಒರೆಸ್ತೀರಾ? ಸವೆದುಹೋಗತ್ತೆ."

"ನೀವು ಆ ಕಡೆ ತಿರುಗಿದ್ರೆ ನಿಲ್ಲಿಸ್ತೀನಿ."

ಅವಳು ತಿರುಗಲಿಲ್ಲ. ಕಿವಿ ಮಾತ್ರ ಬಿಸಿಯಾಯಿತು.

ಹೀಗಿರುವಾಗ ಒಂದು ಮಧ್ಯಾಹ್ನ ಕ್ಲಿನಿಕ್ಕಿಗೆ ಅಕ್ಕನ ಫೋನ್ ಬಂತು. "ಡಾಕ್ಟ್ರೇ, ಬೇಕರಿಯಣ್ಣ ತನ್ನ ಪಾಲು ಬಿಟ್ಕೊಡ್ತಾನಂತೆ. ಕಾರು ಪೂರ್ತಿ ನಿಮ್ಮ ಹೆಸರಿಗಂತೆ. ನಿಮಗೆ ಗೊತ್ತಾ?"

ಅವಳು ಕೈಗ್ಲೌಸ್ ಕೂಡ ತೆಗೆಯದೆ ಬೇಕರಿಗೆ ಓಡಿದಳು. ಅವನಿಗೆ ಬೇರೆ ಯಾರೋ ಹುಡುಗಿ ಇದ್ದಾಳೆ, ಆ ಹುಡುಗಿಯೇ ಈ ಜಂಟಿ ಕಾರು ಬೇಡ ಅಂದಿರಬೇಕು. ದಾರಿಯುದ್ದಕ್ಕೂ ತೋಚಿದ್ದು ಅದೊಂದೇ.

"ಸಾಕಾಯ್ತಾ ನಿಮಗೆ? ನನಗೊಂದು ಮಾತು ಹೇಳೋಕೂ ಆಗ್ಲಿಲ್ವಾ?"

ಹಿಟ್ಟು ನಾದುತ್ತಿದ್ದವನು ನಿಲ್ಲಿಸಿದ. ಮುಖ ಬಿಳಿಚಿಕೊಂಡಿತ್ತು.

"ಸಾಕಾಗಿಲ್ಲ ಡಾಕ್ಟ್ರೇ. ನಿಮ್ಮನ್ನ ಒಂದು ಮಾತು ಕೇಳ್ಬೇಕು. ಅರ್ಧ ಕಾರು ನನ್ನದಿದ್ರೆ, ನೀವು ಇಲ್ಲ ಅಂದ್ಮೇಲೂ ಪ್ರತಿ ಶನಿವಾರ ನನ್ನ ಮುಖ ನೋಡ್ಬೇಕಾಗತ್ತೆ. ಆ ಮುಲಾಜಿಗೆ ನೀವು ಹೂಂ ಅನ್ನಬಾರದು. ಅದಕ್ಕೇ ಮೊದಲು ಬಿಟ್ಕೊಟ್ಟೆ." ಕೈಗೆ ಮೆತ್ತಿದ ಹಿಟ್ಟನ್ನು ಏಪ್ರನ್ನಿಗೆ ಒರೆಸಿಕೊಂಡ. "ನನ್ನ ಮದುವೆ ಆಗ್ತೀರಾ?"

ಬ್ರೆಡ್ ಕೊಳ್ಳಲು ಬಂದಿದ್ದ ಹೆಂಗಸರಿಬ್ಬರು ಚೀಲ ಹಿಡಿದು ಕಲ್ಲಾಗಿ ನಿಂತಿದ್ದರು. ಅಷ್ಟು ಆಸೆಪಟ್ಟು ಕೊಂಡ ಕಾರನ್ನು, ಅವಳು ನಿರಾಳವಾಗಿ ಇಲ್ಲ ಅನ್ನಲೆಂದು ಕೊಟ್ಟುಬಿಟ್ಟಿದ್ದನಲ್ಲ!

"ಹೂಂ," ಎಂದಳು.

"ಏನಂದ್ರಿ?"

"ಹೂಂ ಅಂದೆ. ಯಾವ ಮುಲಾಜೂ ಇಲ್ಲ."

ಅವನು ಹಿಂದಿದ್ದ ಸಕ್ಕರೆ ಮೂಟೆಯ ಮೇಲೆ ದೊಪ್ಪನೆ ಕೂತುಬಿಟ್ಟ. ಅವಳು ಕೌಂಟರ್ ಸುತ್ತಿ ಒಳಗೆ ಬಂದಳು.

"ಸ್ವಲ್ಪ ಸರೀರಿ," ಎಂದು ತಾನೂ ಅವನ ಪಕ್ಕ ಕೂತಳು. ಆಗ ನೆನಪಾಗಿ ಕೈಗ್ಲೌಸ್ ಕಳಚಿದಳು.