ಜ್ವರ ಬಂದ ದಿನದ ಬ್ರೆಡ್ಡು

"ಯಾರಾದ್ರೂ ಇದೀರಾ? ದಯವಿಟ್ಟು ಬಾಗಿಲು ತೆಗೀರಿ!"

ಮೂರನೇ ಮತ್ತು ನಾಲ್ಕನೇ ಮಹಡಿಯ ನಡುವೆ ಲಿಫ್ಟ್ ನಿಂತು ಹತ್ತು ನಿಮಿಷವಾಗಿತ್ತು. ಒಳಗೆ ದೀಪ ಆರಿತ್ತು. ಬಾಗಿಲು ಬಡಿದು ಬಡಿದು ಅವಳ ಅಂಗೈ ಕೆಂಪಾಗಿತ್ತು.

ಅವಳು ಅದೇ ಕಟ್ಟಡದ ಐದನೇ ಮಹಡಿಯ ಲ್ಯಾಬಿನಲ್ಲಿ ರಕ್ತ ತೆಗೆಯುವ ಟೆಕ್ನಿಷಿಯನ್. ದಿನಕ್ಕೆ ಅರವತ್ತು ಜನರಿಗೆ "ಏನೂ ಆಗಲ್ಲ, ಹೆದರಬೇಡಿ" ಎಂದು ಹೇಳುವವಳು. ಲ್ಯಾಬಿನವರು ಅವಳನ್ನು ಪ್ರೀತಿಯಿಂದ 'ಸೂಜಿ' ಎಂದೇ ಕರೆಯುತ್ತಿದ್ದರು. ಆ ಸೂಜಿ ಈಗ ಮೂಲೆಗೆ ಒರಗಿ ಗಡಗಡ ನಡುಗುತ್ತಿದ್ದಳು.

ಮೇಲೆ ಏನೋ ಕಿರ್ರೆಂದಿತು. ಬಾಗಿಲ ಮೇಲ್ತುದಿಯಲ್ಲಿ ಅಂಗೈ ಅಗಲದ ಬೆಳಕು ತೆರೆದುಕೊಂಡಿತು. ಆ ಬೆಳಕಿನಲ್ಲಿ ಒಂದು ಮುಖ...

"ಮೇಡಂ, ನಾನು ಲಿಫ್ಟ್ ಮೆಕ್ಯಾನಿಕ್. ನೀವೊಬ್ಬರೇನಾ?"

"ಹೂಂ... ನಂಗೆ ಉಸಿರು ಕಟ್ತಿದೆ!"

"ಗಾಳಿ ಬರ್ತಿದೆ, ನೋಡಿ. ಲಿಫ್ಟ್ ಎಲ್ಲೂ ಬೀಳಲ್ಲ. ಇನ್ನು ಸ್ವಲ್ಪ ಹೊತ್ತು ಅಷ್ಟೇ. ಅಲ್ಲೀವರೆಗೆ ನಂಗೊಂದು ವಿಷಯ ಹೇಳಿ. ಚಿಕ್ಕವರಿದ್ದಾಗ ಏನು ತಿನ್ನೋಕೆ ಸಿಕ್ಕಿದ್ರೆ ನಿಮಗೆ ಹಬ್ಬ ಅನಿಸ್ತಿತ್ತು?"

"ಏನು?!"

"ದೊಡ್ಡ ತಿಂಡಿ ಬೇಡ. ಮನೇಲಿ ಮಾಮೂಲಾಗಿ ಸಿಗೋದು."

ಇವನಿಗೆ ತಲೆ ಕೆಟ್ಟಿದೆಯಾ? ನಾನಿಲ್ಲಿ ಸಾಯ್ತಿದೀನಿ!

ಆದರೂ ಅವಳ ಬಾಯಿಂದ ಉತ್ತರ ಬಂದೇಬಿಟ್ಟಿತು.

"ಬ್ರೆಡ್ಡು... ಬೆಣ್ಣೆ ಸವರಿ, ಮೇಲೆ ಸಕ್ಕರೆ ಉದುರಿಸಿದ್ದು. ಜ್ವರ ಬಂದ್ರೆ ಮಾತ್ರ ಅಮ್ಮ ತರಿಸ್ತಿದ್ರು. ಹಲ್ಲಿಗೆ ಸಕ್ಕರೆ ಕರಕರ ಅನ್ನೋದು."

"ಜ್ವರ ಬರದೇ ಇದ್ರೆ?"

"ಥರ್ಮಾಮೀಟರನ್ನ ಬಿಸಿ ಹಾಲಿನ ಲೋಟಕ್ಕೆ ಅದ್ದಿಬಿಡ್ತಿದ್ದೆ. ಒಂದ್ಸಲ ನೂರೇಳು ಡಿಗ್ರಿ ತೋರಿಸ್ತು! ಅಪ್ಪ ನನ್ನ ಹೆಗಲ ಮೇಲೆ ಹೊತ್ಕೊಂಡು ಡಾಕ್ಟರ ಹತ್ರ ಓಡಿದ್ರು. ಚಪ್ಪಲಿ ಕೂಡ ಹಾಕ್ಕೊಂಡಿರಲಿಲ್ಲ."

ಮೇಲಿಂದ ಅವನು ಜೋರಾಗಿ ನಕ್ಕ. ಅವಳಿಗೂ ನಗು ಬಂತು.

"ನಿಮಗೆ? ನಿಮಗೇನು ಇಷ್ಟ ಇತ್ತು?" ಎಂದು ಅವಳು ಕೇಳಿದಳು.

ಸ್ಪ್ಯಾನರಿನ ಸದ್ದು ನಿಂತುಹೋಯಿತು.

"ನಂಗಾ?... ಅಪ್ಪನ ಟೀ ಲೋಟದ ತಳ. ಅವರು ಬಿಸ್ಕತ್ತು ಅದ್ದುವಾಗ ಅದು ಮುರಿದು ಒಳಗೆ ಬೀಳ್ತಿತ್ತು. 'ಅಯ್ಯೋ, ಬಿದ್ದೇಹೋಯ್ತಲ್ಲೋ' ಅಂತ ಲೋಟ ನನ್ನ ಕೈಗೆ ಕೊಡ್ತಿದ್ರು. ನಾನು ಚಮಚದಲ್ಲಿ ಬಳಿದು ತಿಂತಿದ್ದೆ. ದಿನಾ ಬೀಳ್ತಿತ್ತು. ಬೇಕೂಂತಲೇ ಬೀಳಿಸ್ತಿದ್ರು ಅಂತ ನಂಗೆ ಹೊಳೆಯೋ ಹೊತ್ತಿಗೆ... ಅಪ್ಪ ಇರಲಿಲ್ಲ."

ಅವಳು ಮೂಲೆಯಿಂದ ಎದ್ದು ಆ ಬೆಳಕಿನ ಕಡೆ ಮುಖ ಎತ್ತಿದಳು.

ಲಿಫ್ಟ್ ಒಮ್ಮೆ ಕುಲುಕಿ ಮೇಲೆದ್ದಿತು. ಬಾಗಿಲು ತೆರೆಯಿತು. ಅವನು ಕೈ ಚಾಚಿದ. ಕೈಗೆ ಮೆತ್ತಿದ್ದ ಗ್ರೀಸ್ ನೋಡಿ ತಟ್ಟನೆ ಹಿಂದಕ್ಕೆ ಎಳೆದುಕೊಂಡು, ಪ್ಯಾಂಟಿಗೆ ಒರೆಸಿ, ಮತ್ತೆ ಚಾಚಿದ.

ಆ ಕೈ ಹಿಡಿದು ಹೊರಗೆ ಬಂದವಳ ಎದೆ ಮಾತ್ರ ಅಂದಿನಿಂದ ಒಂದು ಕಡೆ ನಿಲ್ಲಲಿಲ್ಲ.

* * *

ಅದಾದ ಮೇಲೆ ಆ ಲಿಫ್ಟಿಗೆ ವಾರಕ್ಕೆ ಎರಡು ಸಲ ಎಣ್ಣೆ ಬೇಕಾಗತೊಡಗಿತು!

ಮಧ್ಯಾಹ್ನ ಊಟದ ಹೊತ್ತಿಗೆ ಇಬ್ಬರೂ ಐದನೇ ಮಹಡಿಯ ಮೆಟ್ಟಿಲ ಮೇಲೆ ಕೂರುತ್ತಿದ್ದರು. ಅವನು 'ಮೇಡಂ' ಬಿಟ್ಟು 'ಸೂಜಿಯವರೇ' ಎನ್ನತೊಡಗಿದ್ದ. ಒಂದು ದಿನ ಬೇಯಿಸಿದ ಮೊಟ್ಟೆ ತಂದ. ಅವಳ ಮನೆಯಲ್ಲಿ ಒಂದೇ ಮೊಟ್ಟೆಯನ್ನು ಹೊಲಿಗೆಯ ದಾರದಿಂದ ಕತ್ತರಿಸಿ ಅಕ್ಕನಿಗೂ ಅವಳಿಗೂ ಕೊಡುತ್ತಿದ್ದರಂತೆ. ಹಳದಿ ಭಾಗ ಯಾರ ಪಾಲಿಗೆ ಹೆಚ್ಚು ಬಂತೆಂದು ದಿನವಿಡೀ ಜಗಳ! ಇನ್ನೊಂದು ದಿನ ಅವಳು ಹಾಲಿನ ಪುಡಿ ತಂದಳು. ಒಂದೊಂದು ಚಮಚ ಬಾಯಿಗೆ ಹಾಕಿಕೊಂಡರು. ಪುಡಿ ಅಂಗುಳಿಗೆ ಅಂಟಿಕೊಂಡು ಇಬ್ಬರಿಗೂ ಐದು ನಿಮಿಷ ಮಾತೇ ಹೊರಡಲಿಲ್ಲ.

ಮಾತೇ ಹೊರಡಲಿಲ್ಲ... ಅದೇ ಅವಳ ಸಂಕಟ. ಹಾಲಿನ ಪುಡಿ ಇಲ್ಲದ ದಿನವೂ ಹೇಳಬೇಕಾದ ಮಾತು ಅವನ ಬಾಯಿಂದ ಹೊರಡುತ್ತಿರಲಿಲ್ಲ.

ಮನೆಯಲ್ಲಿ ಅಕ್ಕ ಬೆನ್ನು ಹತ್ತಿದ್ದಳು. "ಔಷಧಿ ಅಂಗಡಿಯವರು ಒಳ್ಳೆ ಜನ ಕಣೇ. ಹುಡುಗನಿಗೆ ನಿನ್ನ ಫೋಟೋ ಹಿಡಿಸಿದೆ. ಹೂಂ ಅಂತೀಯೋ, ಉಹೂಂ ಅಂತೀಯೋ? ಅಪ್ಪ ದಿನಾ ನನ್ನನ್ನ ಕೇಳ್ತಾರೆ."

"ಒಂದು ವಾರ ತಡಿ ಅಕ್ಕಾ."

"ಯಾಕೆ? ವಾರದಲ್ಲಿ ಏನು ಉದುರುತ್ತೆ?"

ಅವಳಿಗೂ ಗೊತ್ತಿರಲಿಲ್ಲ. ಲ್ಯಾಬಿನಲ್ಲಿ ಟ್ಯೂಬುಗಳಿಗೆ ಹೆಸರು ಅಂಟಿಸುತ್ತಾ ಲಿಫ್ಟಿನ ಸದ್ದಿಗೆ ಕಿವಿ ಕೊಡುವುದು, ಸದ್ದಾದರೆ ಎದ್ದು ಬಾಗಿಲವರೆಗೆ ಹೋಗುವುದು, ಅವನಲ್ಲ ಎಂದು ತಿಳಿದು ಬಂದು ಕೂರುವುದು, ಮತ್ತೆ ಏಳುವುದು...

"ಸೂಜಿ, ನಿನ್ನ ಕುರ್ಚೀಲಿ ಮುಳ್ಳಿದೆಯಾ?" ಎಂದು ಜೊತೆಯವರು ನಗುತ್ತಿದ್ದರು.

ಮಂಗಳವಾರ ಅವಳು ಮೆಟ್ಟಿಲಿಳಿದು ಬರುತ್ತಿದ್ದಾಗ ಎರಡನೇ ಮಹಡಿಯಲ್ಲಿ ಅವನ ದನಿ ಕೇಳಿಸಿತು. ಲಿಫ್ಟ್ ಮತ್ತೆ ನಿಂತಿತ್ತು. ಒಳಗೆ ಯಾರೋ ಹುಡುಗಿ ಅಳುತ್ತಿದ್ದಳು. ಅವನು ಮಂಡಿಯೂರಿ ಕುಳಿತು, ಅದೇ ಮೆತ್ತನೆಯ ದನಿಯಲ್ಲಿ...

"ನಂಗೊಂದು ವಿಷಯ ಹೇಳಿ. ಚಿಕ್ಕವರಿದ್ದಾಗ ಏನು ತಿನ್ನೋಕೆ ಸಿಕ್ಕಿದ್ರೆ ನಿಮಗೆ ಹಬ್ಬ ಅನಿಸ್ತಿತ್ತು?"

ಒಂದಕ್ಷರವೂ ಬದಲಾಗಿರಲಿಲ್ಲ!

ಲಿಫ್ಟಿನೊಳಗಿಂದ ಅಳು ನಿಂತು ನಗು ಕೇಳಿಸಿತು. ಅವಳು ಸದ್ದಿಲ್ಲದೆ ಮೇಲೆ ಹತ್ತಿದಳು.

ಅದೊಂದು ಕಸುಬಿನ ಮಾತು. ನಾನೆಂಥ ಪೆದ್ದಿ! ಅಪ್ಪನ ಚಪ್ಪಲಿಯಿಂದ ಹಿಡಿದು ಎಲ್ಲವನ್ನೂ ಅವನ ಮುಂದೆ ಸುರಿದೆನಲ್ಲ...

ಅಂದೇ ಅಕ್ಕನಿಗೆ ಹೇಳಿದಳು. "ಭಾನುವಾರ ಅವರು ಬಂದು ಹೋಗಲಿ."

ಮರುದಿನ ಅವನು ಡಬ್ಬಿ ಹಿಡಿದು ಮೆಟ್ಟಿಲ ಬಳಿ ಕಾದಿದ್ದ. ಅವಳು ಕೂರಲಿಲ್ಲ.

"ಆ ತಿಂಡಿ ಪ್ರಶ್ನೇನ ಎಷ್ಟು ಜನಕ್ಕೆ ಕೇಳಿದೀರಿ?"

ಅವನು ಕಣ್ಣು ಪಿಳಿಪಿಳಿ ಬಿಟ್ಟ. "ಸಿಕ್ಕಿಹಾಕಿಕೊಂಡವರಿಗೆಲ್ಲ... ಯಾಕೆ?"

"ಹಾಗಾದ್ರೆ ನಾನು ಎಷ್ಟನೆಯವಳು?"

ಅವನು ಏನೋ ಹೇಳಲು ಹೋದ. ಅವಳು ಬಿಡಲಿಲ್ಲ. "ಭಾನುವಾರ ನನ್ನ ನೋಡೋಕೆ ಗಂಡಿನ ಕಡೆಯವರು ಬರ್ತಿದಾರೆ."

ಅವನ ಮುಖದ ಬಣ್ಣ ಇಳಿಯಿತು. ಡಬ್ಬಿಯ ಮುಚ್ಚಳ ಒತ್ತಿ ಹಾಕಿದ. "ಒಳ್ಳೇದಾಗಲಿ, ಮೇಡಂ," ಎಂದ.

ಮೇಡಂ! ಅವಳು ದಿನಾ ಹಿಡಿಯುವ ಯಾವ ಸೂಜಿಯೂ ಅಷ್ಟು ಆಳಕ್ಕೆ ಚುಚ್ಚಿರಲಿಲ್ಲ.

* * *

ಶನಿವಾರ ಬೆಳಿಗ್ಗೆ ಲ್ಯಾಬಿಗೆ ಮೇಷ್ಟ್ರು ಬಂದರು. ತಿಂಗಳಿಗೊಮ್ಮೆ ಸಕ್ಕರೆ ಪರೀಕ್ಷೆಗೆ ಬರುವ ನಿವೃತ್ತ ಮೇಷ್ಟ್ರು. ಸೂಜಿ ಕಂಡರೆ ಮಗುವಿನಂತೆ ಕಣ್ಣು ಮುಚ್ಚಿಕೊಳ್ಳುವವರು.

ಅವರ ತೋಳಿಗೆ ಪಟ್ಟಿ ಬಿಗಿದು, ಮನಸ್ಸು ಎಲ್ಲೋ ಇದ್ದರೂ ಅವಳು ರೂಢಿಯಂತೆ ಕೇಳಿದಳು. "ಬೆಕ್ಕು ಹೇಗಿದೆ ಮೇಷ್ಟ್ರೇ? ಕಣ್ಣಿನ ಗಾಯ ಮಾಗ್ತಾ?"

"ಮಾಗಿತಮ್ಮ. ಈಗ ಎರಡೂ ಕಣ್ಣಲ್ಲಿ ನನ್ನನ್ನ ಗದರಿಸುತ್ತೆ." ಅವರು ನಕ್ಕರು. ಅಷ್ಟರಲ್ಲಿ ರಕ್ತ ತೆಗೆದಾಗಿತ್ತು. "ನೋಡು, ನಂಗೆ ಗೊತ್ತು. ಚುಚ್ಚೋ ಹೊತ್ತಿಗೆ ಎಲ್ಲರನ್ನೂ ನೀನು ಹಿಂಗೇ ಮಾತಿಗೆಳೀತೀಯ. 'ಮನೇಲಿ ಯಾರ್ಯಾರಿದಾರೆ' ಅಂತ ನನ್ನನ್ನೂ ಹಂಗೇ ಕೇಳಿದ್ದೆ. ಆದ್ರೆ ಬೆಕ್ಕಿನ ಕಣ್ಣನ್ನ ತಿಂಗಳುಗಟ್ಟಲೆ ನೆನಪಿಟ್ಕೊಳ್ಳೋದು ನಿನ್ನ ಕೆಲಸ ಅಲ್ಲವಲ್ಲಮ್ಮ. ಅದು ನಿನ್ನ ಮನಸ್ಸು."

ಹತ್ತಿಯನ್ನು ಅವರ ತೋಳಿಗೆ ಒತ್ತಿ ಹಿಡಿದಿದ್ದ ಅವಳ ಕೈ ಹಾಗೇ ನಿಂತಿತು.

"ಅಮ್ಮಾ, ಸಾಕು, ಬಿಡು. ತೋಳು ಮರಗಟ್ತಿದೆ!"

"ಅಯ್ಯೋ, ಮೇಷ್ಟ್ರೇ!"

ದಿನಕ್ಕೆ ಅರವತ್ತು ಜನರನ್ನು ಅವಳೂ ಕೇಳುತ್ತಿದ್ದಳಲ್ಲ! ಹೆದರಿದವರನ್ನು ಮಾತಿಗೆಳೆಯುವುದು ಮೋಸವಾದರೆ, ದೊಡ್ಡ ಮೋಸಗಾತಿ ತಾನೇ. ಆದರೆ ಅವನು ಹಾಲಿನ ಪುಡಿ ತಿಂದದ್ದು, ಮೊಟ್ಟೆ ತಂದು ಮೆಟ್ಟಿಲ ಮೇಲೆ ಕಾದದ್ದು... ಅದಕ್ಕೆ ಯಾವ ಲಿಫ್ಟ್ ಕೆಟ್ಟಿತ್ತು?

ಅವಳು ಹೊರಗೆ ಓಡಿದಳು. ಲಿಫ್ಟಿನ ಬಳಿ ಬೇರೆ ಯಾರೋ ಮೆಕ್ಯಾನಿಕ್ ಇದ್ದ.

"ಅವರಾ? ಈ ಏರಿಯಾ ಬೇಡ ಅಂತ ಅವರೇ ಬಿಟ್ಕೊಟ್ರು. ಇವತ್ತು ಪಕ್ಕದ ಏರಿಯಾದ ಒಂಬತ್ತು ಮಹಡಿ ಕಟ್ಟಡದಲ್ಲಿದಾರೆ. ಆದ್ರೆ ಅಲ್ಲಿ ಲಿಫ್ಟ್ ಪೂರ್ತಿ ಬಿಚ್ಚಿದೆ ಮೇಡಂ, ಹತ್ತೇ ಹೋಗಬೇಕು."

ಮಧ್ಯಾಹ್ನ ಕೆಲಸ ಮುಗಿದದ್ದೇ ತಡ, ಅವಳು ಹೊರಟಳು. ಆರನೇ ಮಹಡಿಯಲ್ಲಿ ಪಕ್ಕೆ ಹಿಡಿಯಿತು. ಎಂಟನೆಯದರಲ್ಲಿ ಚಪ್ಪಲಿ ಕೈಗೆ ಬಂತು. ತಾರಸಿಯ ಯಂತ್ರದ ಕೋಣೆಯ ಬಾಗಿಲಲ್ಲಿ ನಿಂತಾಗ ಬಾಯಿಂದ ಒಂದು ಮಾತೂ ಹೊರಡದು!

ಅವನು ಗಾಬರಿಯಿಂದ ಎದ್ದ. "ಏನಾಯ್ತು? ಕೂತ್ಕೊಳ್ಳಿ, ಕೂತ್ಕೊಳ್ಳಿ!"

ನೀರು ಕೊಟ್ಟ. ಅವಳು ಕುಡಿದಳು. ಕೆಮ್ಮಿದಳು. ಮತ್ತೆ ಕುಡಿದಳು.

"ಎಷ್ಟನೆಯವಳು ಅಂತ ಕೇಳಿದ್ದೆ," ಎಂದಳು ಕೊನೆಗೆ. "ಉತ್ತರ ಹೇಳೋಕೆ ನಾನೇ ಬಿಡಲಿಲ್ಲ. ತಪ್ಪು ನಂದು. ಈಗ ಹೇಳಿ."

ಅವನು ತಲೆ ತಗ್ಗಿಸಿದ.

"ಲೆಕ್ಕ ಇಟ್ಟಿಲ್ಲ. ತುಂಬ ಜನ ಉತ್ತರ ಹೇಳಿದಾರೆ, ಹೊರಗೆ ಬಂದು ಹೋಗಿದಾರೆ. ತಿರುಗಿ ನನ್ನನ್ನ ಕೇಳಿದ್ದು ನೀವೊಬ್ಬರೇ. ಅಪ್ಪನ ವಿಷಯ ನಾನು ಯಾರ ಹತ್ರಾನೂ ಬಾಯಿಬಿಟ್ಟಿರಲಿಲ್ಲ."

"ಮತ್ತೆ ಭಾನುವಾರ ಅಂದಾಗ ಒಳ್ಳೇದಾಗಲಿ ಅಂದ್ರಲ್ಲ!"

"ಇನ್ನೇನು ಅನ್ನಲಿ? ನಿಮಗೆ ಒಳ್ಳೆ ಮನೆ ಸಿಗ್ತಿದೆ. ನನ್ನ ಉಗುರು ನೋಡಿ, ಎಷ್ಟು ತೊಳೆದ್ರೂ ಗ್ರೀಸ್ ಹೋಗಲ್ಲ. ಆ ಕಟ್ಟಡಕ್ಕೆ ಬಂದ್ರೆ ಸುಮ್ಮನಿರೋಕೆ ಆಗಲ್ಲ ಅಂತ ಏರಿಯಾನೇ ಬಿಟ್ಟೆ." ಅವನು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. "ನೀವಂದ್ರೆ ನಂಗೆ ಪ್ರಾಣ. ಇಷ್ಟು ದಿನ ಹೇಳೋಕೆ ಧೈರ್ಯ ಬರಲಿಲ್ಲ."

ಅವಳ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಫೋನ್ ಬಡಿದುಕೊಂಡಿತು.

"ಏ, ನಾಳೆ ಯಾವ ಸೀರೆ ಉಟ್ಕೋತೀಯೇ?" ಅಕ್ಕನ ದನಿ.

"ಅಕ್ಕಾ... ನಾಳೆ ಅವರು ಬರೋದು ಬೇಡ. ನಾನೇ ಅವರಿಗೆ ಫೋನ್ ಮಾಡಿ ಕ್ಷಮೆ ಕೇಳ್ತೀನಿ. ನಾಳೆ ಬೇರೆಯವರು ಬರ್ತಾರೆ. ಲಿಫ್ಟಿನವರು."

"ಲಿಫ್ಟಿನವರಾ? ನಮ್ಮ ಮನೇಲಿ ಲಿಫ್ಟ್ ಎಲ್ಲಿದೆಯೇ?!"

"ಮನೆಗೆ ಬಂದು ಹೇಳ್ತೀನಿ. ಅಪ್ಪನಿಗೂ ನಾನೇ ಹೇಳ್ತೀನಿ." ಅವಳು ಫೋನ್ ಇಟ್ಟಳು.

ಅವನು ಬಾಯಿ ತೆರೆದು ನಿಂತೇ ಇದ್ದ. "ನಾಳೇನಾ? ನಿಮ್ಮಪ್ಪ ಏನಂತಾರೋ... ನಿಮ್ಮ ಅಕ್ಕ ಏನಂತಾರೋ..."

"ಅವರ ಮುಂದೆಯೂ ನನಗೆ ಹೀಗೇ 'ನೀವು', 'ನಿಮ್ಮ' ಅಂತಾನೇ ಇರ್ತೀರಾ?"

ಅವನು ಯಾರಾದರೂ ಕೇಳಿಸಿಕೊಂಡಾರು ಎಂಬಂತೆ ಖಾಲಿ ತಾರಸಿಯನ್ನೆಲ್ಲ ಒಮ್ಮೆ ನೋಡಿದ.

"ನೀನು..." ಎಂದು ಮೆಲ್ಲಗೆ ಹೇಳಿ ನಿಲ್ಲಿಸಿದ. ಕಿವಿಯವರೆಗೂ ಕೆಂಪಾಗಿದ್ದ. "ನೀನು ನಾಳೆ ನನ್ನ ಪಕ್ಕದಲ್ಲೇ ಇರ್ತೀಯಲ್ವಾ? ನಂಗೀಗಲೇ ಭಯ ಆಗ್ತಿದೆ."

"ಇರ್ತೀನಿ," ಎಂದಳು ಅವಳು, ಅವನ ಕೈ ಹಿಡಿದು. "ನಾಳೆ ಮಾತ್ರ ಅಲ್ಲ. ನೀನೂ ಇರು."