ಅಣಕವಾಡಿದ ಅಭಿಮಾನಿ

"ಇನ್ನೊಂದ್ಸಲ ಅನಂತು... ಇನ್ನೊಂದೇ ಒಂದ್ಸಲ ಮಾಡೇ!"

ಸೀತಾಳ ಮದುವೆಯ ಊಟ ಮುಗಿದಿತ್ತು. ರಾಜಾಜಿನಗರದಲ್ಲಿ ಸೀತಾಳ ತಾಯಿ ನರಸಮ್ಮನವರ ಹೊಸ ಮನೆಯಲ್ಲಿ ಹಿರಿಯರೆಲ್ಲ ಎಲೆಯಡಿಕೆ ಮೆಲ್ಲುತ್ತ ಗೋಡೆಗೆ ಒರಗಿದ್ದರು. ನಡುವೆ ನಿಂತಿದ್ದವಳು ಪಕ್ಕದ ಮನೆಯ ಅನಂತಲಕ್ಷ್ಮಿ, ಮೇಷ್ಟ್ರು ಸೇತುರಾಮಯ್ಯನವರ ಮಗಳು. ಕೈಯಲ್ಲಿ ಲಟ್ಟಣಿಗೆ!

ಅದನ್ನೇ ಕ್ಲಾರಿನೆಟ್ಟಿನಂತೆ ತುಟಿಗಿಟ್ಟುಕೊಂಡು, ಕೆನ್ನೆ ಉಬ್ಬಿಸಿ, ಭುಜ ಕುಣಿಸಿ, ಮಾರುತಿ ಬ್ಯಾಂಡಿನವರು ಬೆಳಗ್ಗೆ ನುಡಿಸಿದ್ದ ಸಿನಿಮಾ ಹಾಡನ್ನು ಮೂಗಿನಲ್ಲೇ ಊದಿದಳು. ಮೂರನೆಯ ಸಾಲಿಗೆ ಬರುತ್ತಲೇ ಉಸಿರು ಸಾಲದವಳಂತೆ ಗಕ್ಕನೆ ನಿಂತು, ಕಣ್ಣು ಮೇಲೆ ಮಾಡಿ, ಮತ್ತೆ ರಾಗ ಹಿಡಿದಳು.

ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವಳಪ್ಪ ಹೊಟ್ಟೆ ಹಿಡಿದುಕೊಂಡರು. ರಾಮೋತ್ಸವ ಸಮಿತಿಯ ಪುರುಷೋತ್ತಮಯ್ಯನವರಂತೂ ಕಣ್ಣೀರು ಒರೆಸಿಕೊಂಡರು.

ಒಮ್ಮೆಲೇ ನಗು ನಿಂತಿತು.

ಅನಂತು ತಿರುಗಿ ನೋಡಿದಳು. ಬಾಗಿಲಲ್ಲಿ ಕೆಂಪು ಕೋಟು. ಖಾಲಿ ಚೊಂಬು ಹಿಡಿದು ನಿಂತಿದ್ದವನು ಶ್ಯಾಮಸುಂದರ... ಅದೇ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುವವನು!

"ಕುಡಿಯೋಕೆ ನೀರು ಬೇಕಿತ್ತು" ಎಂದ. ಆಮೇಲೆ ಅವಳನ್ನೇ ನೋಡುತ್ತ, "ಚೆನ್ನಾಗಿ ಮಾಡಿದ್ರಿ. ನಾನು ಹಾಗೇ ಊದೋದು" ಎಂದ.

ನೀರಿಗೂ ಕಾಯದೆ ಹೊರಟುಹೋದ.

ಎಂಥ ಸೊಕ್ಕಿನ ಹುಡುಗಿ ಅನ್ನಿಸುತ್ತದೆ, ಅಲ್ಲವೇ? ಸ್ವಲ್ಪ ತಾಳಿ. ಆ ಬ್ಯಾಂಡಿಗೆ ಇಡೀ ಬಡಾವಣೆಯಲ್ಲಿ ಅನಂತಲಕ್ಷ್ಮಿಗಿಂತ ದೊಡ್ಡ ಅಭಿಮಾನಿ ಇನ್ನೊಬ್ಬರಿರಲಿಲ್ಲ!

ಹಗಲೆಲ್ಲ ಕಾರ್ಖಾನೆಯಲ್ಲಿ ದುಡಿದು, ಬಿಡುವಿನಲ್ಲಿ ಕೋಟು ತೊಟ್ಟು ಊದುತ್ತಿದ್ದ ಎಂಟು ಜನರ ಗುಂಪು ಅದು. ಎಲ್ಲರ ಮದುವೆಗೂ ಅವರೇ ಬೇಕು. ಎಲ್ಲರ ಬಾಯಲ್ಲೂ ಅವರು 'ತಗಡು ಬ್ಯಾಂಡು'! ಸಂಗೀತವೆಂದರೆ ತಂಬೂರಿಯ ಮುಂದೆ ಕೂತು ಹಾಡುವುದು ಮಾತ್ರ ಎಂದು ನಂಬಿದ್ದ ಸೇತುರಾಮಯ್ಯನವರು ಆ ಸದ್ದು ಬಂದರೆ ಕಿಟಕಿ ಮುಚ್ಚಿಸುತ್ತಿದ್ದರು.

ಮಗಳು ಮಾತ್ರ ಹಿಂದಿ ಕ್ಲಾಸಿನ ನೆಪ ಹೇಳಿ ಮಾಗಡಿ ರಸ್ತೆಯ ಉದ್ದಕ್ಕೂ ಕಂಡವರ ದಿಬ್ಬಣಗಳ ಹಿಂದೆ ನಡೆಯುತ್ತಿದ್ದಳು. ಎರಡು ವರ್ಷದಿಂದ! ಒಮ್ಮೆ ಗೆಳತಿಯರು, "ಏನೇ, ನಿನಗೆ ಆ ತಗಡು ಇಷ್ಟಾನಾ?" ಎಂದು ಕೆಣಕಿದಾಗ ಮುಖ ಕೆಂಪಾಗಿ, ತಪ್ಪಿಸಿಕೊಳ್ಳಲು ಥಟ್ಟನೆ ಅಣಕವಾಡಿದ್ದಳು. ಅವರು ನಕ್ಕರು. ಗುಟ್ಟು ಉಳಿಯಿತು. ಅಂದಿನಿಂದ ಅದೇ ಚಾಳಿಯಾಯಿತು.

'ಮೆಚ್ಚಿದ್ದನ್ನೇ ಮಾರಿಕೊಂಡು ನಗಿಸಿದೆನಲ್ಲ... ಛೀ!' ಮದುವೆಮನೆಯವರು ಕಟ್ಟಿಕೊಟ್ಟ ಹೋಳಿಗೆಯನ್ನು ಆ ದಿನ ಅವಳು ಮುಟ್ಟಲೂ ಇಲ್ಲ.

ಮೂರನೆಯ ದಿನ ಅಪ್ಪ ನಗುತ್ತಲೇ ಮನೆಗೆ ಬಂದರು.

"ರಾಮೋತ್ಸವದ ಮೆರವಣಿಗೆಗೆ ಆ ಮಾರುತಿ ಬ್ಯಾಂಡನ್ನ ಗೊತ್ತುಮಾಡಿದ್ರು ಕಣೇ. ನಿನ್ನ ಅಣಕ ನೋಡಿದ ಮೇಲೆ ಪುರುಷೋತ್ತಮಯ್ಯ ಬೇಡ ಅಂದುಬಿಟ್ಟ! ದೇವರ ಮುಂದೆ ನಿಲ್ಲಿಸಿದ್ರೆ ಜನ ನಗ್ತಾರೆ ಅಂತ."

ಅನಂತು ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟಳು.

"ಅವರು... ಏನಂದ್ರಂತೆ ಅಪ್ಪಾ?"

"ಅವರ ಹಿರಿಯ, ಡೋಲು ಬಾರಿಸ್ತಾನಲ್ಲ ಮರಿಯಪ್ಪ, ಇನ್ನು ಬ್ಯಾಂಡೇ ಮುಚ್ಚಿಬಿಡ್ತೀನಿ ಅಂದನಂತೆ. ನಮ್ಮ ಬಡಾವಣೆಯ ದೇವರಿಗೇ ನಾವು ಬೇಡವಾದ ಮೇಲೆ ಇನ್ನೇನು ಅಂತ."

ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ತಪ್ಪು ಮಾಡಿದವರಿಗೆ ಬೈಯುವವರಿದ್ದರೆ ಎಷ್ಟೋ ಸಮಾಧಾನ. ಇಲ್ಲಿ ಎಲ್ಲರೂ ಬೆನ್ನು ತಟ್ಟುವವರೇ!

ಭಾನುವಾರ ಬೆಳಗ್ಗೆ ಶಾಲೆಯ ಜಗುಲಿಯಲ್ಲಿ ಸಮಿತಿಯ ಸಭೆ. ಕಾಗದ ಬರೆದುಕೊಳ್ಳುತ್ತಿದ್ದ ಪುರುಷೋತ್ತಮಯ್ಯನವರ ಮುಂದೆ ಅನಂತಲಕ್ಷ್ಮಿ ಬಂದು ನಿಂತಳು.

"ಮಾರುತಿ ಬ್ಯಾಂಡನ್ನ ಬೇಡ ಅನ್ಬೇಡಿ ಮಾಮ. ತಪ್ಪು ನಂದು."

"ಅಲ್ಲಮ್ಮಾ, ಅಣಕ ಮಾಡಿದವಳೂ ನೀನೇ, ಈಗ ವಕಾಲತ್ತು ವಹಿಸೋಳೂ ನೀನೇನಾ!"

ಜಗುಲಿಯೆಲ್ಲ ನಕ್ಕಿತು. ಈ ಸಲದ ನಗು ಅವಳ ಮೇಲೆ.

"ಅವರು ಮೂರನೇ ಸಾಲಲ್ಲಿ ಉಸಿರು ತಗೊಳ್ತಾರೆ ಅಂತ ನಿಮ್ಮಲ್ಲಿ ಯಾರಿಗೆ ಗೊತ್ತಿತ್ತು?" ಅವಳ ದನಿ ಒಡೆಯಿತು. "ನನಗೆ ಗೊತ್ತು. ಅವರು ಎಲ್ಲಿ ಊದಿದ್ರೂ ಹಿಂದೆ ಹೋಗಿ ಕೇಳಿದೀನಿ. ಹಿಂದಿ ಕ್ಲಾಸು ಅಂತ ಮನೇಲಿ ಸುಳ್ಳು ಹೇಳಿ ಹೋಗಿದೀನಿ. ನನಗೆ ಅವರಂದ್ರೆ ಪ್ರಾಣ! ನೀವೆಲ್ಲ ಎಲ್ಲಿ ನನ್ನನ್ನ ನೋಡಿ ನಗ್ತೀರೋ ಅಂತ ಹೆದರಿ, ಅವರನ್ನ ನೋಡಿ ನಗೋ ಹಾಗೆ ಮಾಡಿದೆ..."

ಸಭೆಯಲ್ಲಿ ಅವಳಪ್ಪನೂ ಕೂತಿದ್ದರು. ಸೇತುರಾಮಯ್ಯನವರ ಮುಖ ಬಿಳಿಚಿಕೊಂಡಿತ್ತು. 'ಮುಗೀತು, ಅಪ್ಪ ಇನ್ನು ಮನೆಗೆ ಸೇರಿಸಲ್ಲ' ಎಂದುಕೊಂಡಳು.

ಅವರು ಎದ್ದು ನಿಂತರು.

"ಪುರುಷೋತ್ತಮ, ಮಗು ತನ್ನ ತಪ್ಪು ಒಪ್ಪಿಕೊಂಡಿತು. ನಕ್ಕವರು ನಾವೂ ಇದೀವಲ್ಲ... ನಮ್ಮ ತಪ್ಪನ್ನ ಯಾರು ಒಪ್ಕೋಬೇಕು?"

ಪುರುಷೋತ್ತಮಯ್ಯ ಬಹಳ ಹೊತ್ತು ಕನ್ನಡಕ ಒರೆಸಿದರು. "ಆಯ್ತಪ್ಪ, ಬರಲಿ. ಆದ್ರೆ ಮೆರವಣಿಗೆಯ ಕಟ್ಟಕಡೆಗೆ. ಮುಂದುಗಡೆ ನಾದಸ್ವರ."

ಅಷ್ಟು ಸಾಕಾಗಿತ್ತು! ಅವಳು ಅಪ್ಪನ ಮುಖ ನೋಡಿದಳು. "ಹೋಗಿ ಹೇಳ್ಬಾ" ಎಂದರು ಅವರು, ಬೇರೆಲ್ಲೋ ನೋಡುತ್ತ.

ಕಾಮಾಕ್ಷಿಪಾಳ್ಯದಲ್ಲಿ ಬ್ಯಾಂಡಿನವರ ಹೆಂಚಿನ ಶೆಡ್ಡಿನ ಮುಂದೆ ಮರಿಯಪ್ಪ ಡೋಲಿನ ಹಗ್ಗ ಬಿಚ್ಚುತ್ತಿದ್ದ. ಒಳಗೆ ಶ್ಯಾಮಸುಂದರ ಕ್ಲಾರಿನೆಟ್ಟನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದ. ಅವಳು ಬಾಗಿಲಲ್ಲೇ ನಿಂತು, ಏದುಸಿರು ಬಿಡುತ್ತ ಎಲ್ಲವನ್ನೂ ಒಂದೇ ಸಮನೆ ಹೇಳಿದಳು.

"ಕಡೇಲಿ ನಿಲ್ಲಬೇಕಂತೆ... ಅಷ್ಟೇ ಸಾಧ್ಯವಾಗಿದ್ದು."

"ಕಡೇಲಾದ್ರೇನು ತಾಯಿ?" ಮರಿಯಪ್ಪ ಹಗ್ಗವನ್ನು ಮತ್ತೆ ಬಿಗಿಯತೊಡಗಿದ. "ದೇವರನ್ನ ಮುಂದಕ್ಕೆ ಕಳ್ಸಿ ಜನ ನಮ್ಜೊತೇಲೇ ಕುಣೀತಾರೆ ಬುಡು!" ಉಳಿದವರನ್ನು ಕರೆತರಲು ಅವನು ಓಣಿಗೆ ಇಳಿದ.

ಶ್ಯಾಮಸುಂದರ ತಲೆ ಎತ್ತಲಿಲ್ಲ.

"ಬೈದುಬಿಡಿ" ಎಂದಳು ಅನಂತು. "ಹೀಗೆ ಸುಮ್ಮನಿದ್ರೆ ನನಗೆ ತಡೆಯೋಕಾಗಲ್ಲ."

"ಎರಡು ವರ್ಷದಿಂದ ನೋಡ್ತಿದೀನಿ ನಿಮ್ಮನ್ನ" ಎಂದ ಅವನು, ಮೆಲ್ಲಗೆ. "ಎಲ್ಲಿ ಊದಿದ್ರೂ ಗುಂಪಿನ ಹಿಂದೆ ಒಬ್ಬಳು ಕಣ್ಣು ಮುಚ್ಚಿ ಕೇಳ್ತಿದ್ಲು. ಲೋಕ ಏನಾದ್ರೂ ಅನ್ಲಿ, ಇವಳೊಬ್ಬಳಿದಾಳೆ ಅಂತ ಊದ್ತಿದ್ದೆ. ಅವತ್ತು ಆ ಒಬ್ಬಳ ಕೈಯಲ್ಲೇ ಲಟ್ಟಣಿಗೆ ನೋಡ್ದೆ..."

ಅವಳ ಕಣ್ಣಿಂದ ನೀರು ಇಳಿಯಿತು. ಒರೆಸಿಕೊಳ್ಳಲೂ ಇಲ್ಲ.

"ನನ್ನನ್ನ ಕ್ಷಮಿಸೋಕಾಗಲ್ವಾ?"

"ಈಗಲೇ ಕ್ಷಮಿಸಲ್ಲ."

"ಯಾಕೆ?"

"ಕ್ಷಮಿಸಿದೆ ಅಂದ್ರೆ ಬಂದ ಕೆಲಸ ಆಯ್ತು ಅಂತ ಹೊರಟುಹೋಗ್ತೀರ."

ಅನಂತು ಹೊಸ್ತಿಲ ಮೇಲೆ ಕೂತುಬಿಟ್ಟಳು.

"ಹೋಗಲ್ಲ" ಎಂದಳು. "ಇಲ್ಲೇ ಇರ್ತೀನಿ. ಎಲ್ಲರ ಎದುರಿಗೂ ಇರ್ತೀನಿ."

ಅವನು ಮೊದಲ ಸಲ ನಕ್ಕ.

"ಹಾಗಾದ್ರೆ ಅವತ್ತೇ ಕ್ಷಮಿಸಿದೀನಿ, ಅನಂತು."