ಚಹಾ ಲೋಟದ ಗುರುತು

ಲೋಟ ಇಟ್ಟು ಎರಡು ನಿಮಿಷವೂ ಆಗಿರಲಿಲ್ಲ. ಅಷ್ಟರಲ್ಲೇ ಕಲ್ಲು ಚಹಾ ಕುಡಿದುಬಿಡುತ್ತದೆಯೇ? ಅದೂ ಇಷ್ಟು ಗಟ್ಟಿ ಕಲ್ಲು?

ಚೂಟಿ ಅಮ್ಮನಿಗೆಂದು ಅವಳ ಕಲ್ಲುಕೆಲಸದ ಶೆಡ್ಡಿಗೆ ಚಹಾ ತಂದಿದ್ದಳು. ಅಮ್ಮ ಹೊರಗೆ ಫೋನಿನಲ್ಲಿ ವ್ಯಾನಿನವನಿಗೆ ದಾರಿ ಹೇಳುತ್ತಿದ್ದಳು. ಬಟ್ಟೆ ಹೊದಿಸಿದ್ದ ಮೇಜಿನ ಮೇಲೆ ಲೋಟ ಇಡುವಾಗ ಚಹಾ ತುಳುಕಿತು. ಗಾಬರಿಯಲ್ಲಿ ಲೋಟ ಎತ್ತಿ, ಬಟ್ಟೆ ಸರಿಸಿದಳು. ಹಾಲಿನಂಥ ಬಿಳಿ ಕಲ್ಲಿನ ಮೇಲೆ ಲೋಟದ ತಳದಷ್ಟೇ ದುಂಡಗಿನ ಕಂದು ಗುರುತು! ಪಕ್ಕದಲ್ಲಿ ಒಂದು ಹನಿ.

ಆ ಮೇಜೇ ಏಳು ತಿಂಗಳು ಕೂತು ಅಮ್ಮ ಮಾಡಿದ ಶಿಲ್ಪ. ಇನ್ನೂ ಯಾರಿಗೂ ತೋರಿಸಿರಲಿಲ್ಲ. ನಾಲ್ಕು ಗಂಟೆಗೆ ವ್ಯಾನಿನಲ್ಲಿ ಪ್ರದರ್ಶನಕ್ಕೆ ಹೋಗಬೇಕಿತ್ತು.

ಚೂಟಿ ಫ್ರಾಕಿನ ತುದಿಯಿಂದ ಉಜ್ಜಿದಳು. ಹೋಗಲಿಲ್ಲ. ಎಂಜಲು ಹಚ್ಚಿ ಉಜ್ಜಿದಳು. ಊಹೂಂ. ಅಳು ಬಂತು.

“ಯಾಕೇ, ಏನಾಯ್ತು?” ಅಳು ಕೇಳಿ ತಾತ ಒಳಗೆ ಬಂದರು.

ತಾತ ಅಮ್ಮನ ಅಪ್ಪ. ಕಲ್ಲನ್ನು ತೋಡಿ, ಅದರೊಳಗೆ ಬಣ್ಣದ ಕಲ್ಲಿನ ಹೂಬಳ್ಳಿ ಕೂರಿಸುವುದು ಅವರ ಕಸುಬು. ಅಮ್ಮ ಕಲಿತದ್ದೂ ಅವರಿಂದಲೇ. ಆದರೆ ಅಮ್ಮ ಹೂ ಮಾಡುವುದನ್ನು ನಿಲ್ಲಿಸಿದಾಗಿನಿಂದ ತಾತ ಶೆಡ್ಡಿಗೆ ಕಾಲಿಟ್ಟಿರಲಿಲ್ಲ. “ಹೂವಿಲ್ಲ, ಬಳ್ಳಿಯಿಲ್ಲ, ಅದೆಂಥಾ ಶಿಲ್ಪ!” ಎನ್ನುತ್ತಿದ್ದರು.

“ತಾತಾ, ಚಹಾ ಚೆಲ್ಲಿಬಿಟ್ಟೆ. ಹೋಗ್ತಾನೇ ಇಲ್ಲ!”

ತಾತ ಕನ್ನಡಕ ಏರಿಸಿ ಬಗ್ಗಿದರು. “ಅಯ್ಯೋ ಮಂಗ! ಬಿಳಿ ಕಲ್ಲಿನ ಹತ್ರ ಯಾರಾದ್ರೂ ಚಹಾ ತರ್ತಾರಾ? ಓಡು, ಸೋಪು ತಾ.”

ಇಬ್ಬರೂ ಸೇರಿ ಉಜ್ಜಿದರು. ತಾತನ ಹಣೆ ಬೆವೆತಿತು.

“ಅಪ್ಪಾ! ಏನ್ ನಡೀತಿದೆ ಇಲ್ಲಿ?” ಬಾಗಿಲಲ್ಲಿ ಅಮ್ಮ.

ಚೂಟಿ ಕಣ್ಣು ಮುಚ್ಚಿ ಒಂದೇ ಉಸಿರಿಗೆ ಹೇಳಿದಳು: “ನಾನೇ ಚೆಲ್ಲಿದ್ದು ಸಾರಿ ತಾತಂಗೆ ಬೈಬೇಡ!”

ಬೈಗುಳ ಬರಲಿಲ್ಲ. ಅಮ್ಮ ಬಿದ್ದು ಬಿದ್ದು ನಗುತ್ತಿದ್ದಳು.

“ನೀನು ಚೆಲ್ಲಿದ್ದು ಬಟ್ಟೆ ಮೇಲೆ ಕಣೇ. ಇದು ಕಲ್ಲು! ಕಂದು ಕಲ್ಲು ಕತ್ತರಿಸಿ ಕೂರಿಸಿದ್ದೀನಿ. ಎಲ್ರೂ ಚಹಾ ಕುಡಿದು ಎದ್ದು ಹೋದ್ಮೇಲೆ ಮೇಜು ಹೇಗಿರುತ್ತೋ ಹಾಗೆ. ಆ ಮೂಲೇಲಿರೋ ಬಿಸ್ಕತ್ ಪುಡಿನೂ ಕಲ್ಲೇ, ನೋಡು.”

ಚೂಟಿಗೆ ಹೋದ ಜೀವ ಬಂದಂತಾಯಿತು. “ಅಂದ್ರೆ ಇಷ್ಟೊತ್ತು ಕಲ್ಲಿಗೇ ಸ್ನಾನ ಮಾಡಿಸಿದ್ವಾ ತಾತಾ?”

ತಾತ ನಗಲಿಲ್ಲ. ಆ ಗುರುತಿನ ಅಂಚಿನ ಮೇಲೆ ಹೆಬ್ಬೆರಳಿನ ಉಗುರನ್ನು ಮೆಲ್ಲಗೆ ಎಳೆದರು. ಎರಡು ಕಲ್ಲುಗಳ ನಡುವೆ ಕೂದಲೆಳೆಯಷ್ಟು ಸಂದಿಯಿದ್ದರೂ ಉಗುರು ಸಿಕ್ಕಿಕೊಳ್ಳುತ್ತದೆ. ಒಂದು ಸುತ್ತು ಎಳೆದರು. ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ಇನ್ನೊಂದು ಸುತ್ತು ಎಳೆದರು.

ಅಮ್ಮನ ನಗು ನಿಂತಿತ್ತು. ಉಸಿರು ಬಿಗಿಹಿಡಿದು ಆ ಉಗುರನ್ನೇ ನೋಡುತ್ತಿದ್ದಳು. ಇಷ್ಟು ಹೊತ್ತು ಹೆದರಿದ್ದು ತಾನೊಬ್ಬಳೇ ಎಂದು ಚೂಟಿ ಅಂದುಕೊಂಡಿದ್ದಳು.

“ವ್ಯಾನಿನಲ್ಲಿ ಮೂಲೆ ಗೀಲೆ ತಾಗೀತು. ನನ್ನ ದಪ್ಪ ಕಂಬಳಿ ತರ್ತೀನಿ,” ಎಂದು ತಾತ ಎದ್ದರು.

ಅಮ್ಮ ಉಸಿರು ಬಿಟ್ಟಳು. ಆರಿದ ಚಹಾವನ್ನು ಒಂದೇ ಗುಟುಕಿಗೆ ಕುಡಿದಳು.

ಶಿಲ್ಪ ಚೆನ್ನಾಗಿದೆ ಎಂದು ತಾತ ಕೊನೆಗೂ ಹೇಳಲಿಲ್ಲ.